ಕಣ್ಣು ಹೋದ ಮೇಲೂ ಚಿತ್ರ ಬರೆದ ಮೇಷ್ಟ್ರು

ಶಾಂತಿನಿಕೇತನದ ಕಲಾಭವನಕ್ಕೆ 1940ರಲ್ಲಿ ಕಲ್ಕತ್ತದಿಂದ ತರುಣನೊಬ್ಬ ಬಂದು ಸೇರಿದ. ಹತ್ತೊಂಬತ್ತರ ವಯಸ್ಸು, ಆರಡಿ ಮೀರಿದ ಎತ್ತರ. ಪಟ್ಟಣ ಬಿಟ್ಟು ಬರಲು ಅವನಿಗೆ ಅಷ್ಟೇನೂ ಮನಸ್ಸಿರಲಿಲ್ಲ; ತಾಯಿಯ ಒತ್ತಾಯಕ್ಕೆ ಬಂದವನು. ವಿದ್ಯಾರ್ಥಿನಿಲಯದಲ್ಲಿ ತಲೆಯೆತ್ತಿದರೆ ಚಾವಣಿಯ ತುಂಬ ಒಂದು ಹಳ್ಳಿ! ನಡುವೆ ಕೊಳ. ಅದರ ಸುತ್ತ ಮರಗಳು, ಗುಡಿಸಲುಗಳು, ದನಕರುಗಳು, ತಂತಮ್ಮ ಕೆಲಸದಲ್ಲಿ ಮುಳುಗಿದ ಜನ. ಚಾವಣಿಗೆ ಮೇಲು ಕೆಳಗು ಎಂಬುದಿಲ್ಲವಷ್ಟೆ? ಆದ್ದರಿಂದ ಆ ಚಿತ್ರಕ್ಕೂ ಇಲ್ಲ. ಯಾವ ಮೂಲೆಯಲ್ಲಿ ನಿಂತು ನೋಡಿದರೂ ಹಳ್ಳಿಯ ಒಂದು ಮಗ್ಗುಲು ನೆಟ್ಟಗೆ ಕಾಣುತ್ತದೆ, ಉಳಿದದ್ದು ಕೊಳವನ್ನು ಬಳಸಿ ಆಚೆಗೆ ಹೊರಳುತ್ತದೆ.

ಇದನ್ನು ಬರೆದವರು ಅಲ್ಲಿಯೇ ಪಾಠ ಹೇಳುತ್ತಿದ್ದ ಒಬ್ಬ ಮೇಷ್ಟ್ರು. ದಪ್ಪ ಗಾಜಿನ ಕನ್ನಡಕ. ಒಂದು ಕಣ್ಣು ಹುಟ್ಟಿನಿಂದಲೇ ಕಾಣದು. ಇನ್ನೊಂದಕ್ಕೆ ವಿಪರೀತ ಸಮೀಪದೃಷ್ಟಿ. ಹೆಸರು ಬಿನೋದ್ ಬಿಹಾರಿ ಮುಖರ್ಜಿ. ವಿದ್ಯಾರ್ಥಿಗಳಿಗೆ ಬಿನೋದ್‌ದಾ.

ಆ ತರುಣ ಸತ್ಯಜಿತ್ ರಾಯ್. ಚಿತ್ರಕಲೆಯ ಶಿಕ್ಷಣವನ್ನು ಆತ ಪೂರೈಸಲಿಲ್ಲ, 1942ರಲ್ಲಿ ಕಲ್ಕತ್ತಕ್ಕೆ ಮರಳಿಬಿಟ್ಟ. ಆದರೆ ಆ ಚಾವಣಿಯನ್ನೂ ಮೇಷ್ಟ್ರನ್ನೂ ಮರೆಯಲಿಲ್ಲ. ಮೂವತ್ತು ವರ್ಷಗಳ ತರುವಾಯ ಕ್ಯಾಮೆರಾ ಹಿಡಿದು ಅದೇ ಗುರುವಿನ ಮುಂದೆ ಬಂದು ನಿಂತಾಗ ಗುರುವಿಗೆ ಶಿಷ್ಯನ ಮುಖ ಕಾಣುತ್ತಿರಲಿಲ್ಲ.

ಕಣ್ಣಿಲ್ಲದವನಿಗೆ ಕುಂಚವೇಕೆ?

ಬಿನೋದ್ ಬಿಹಾರಿ ಹುಟ್ಟಿದ್ದು 1904ರ ಫೆಬ್ರವರಿ 7ರಂದು, ಕಲ್ಕತ್ತದ ಪಕ್ಕದ ಬೆಹಾಲಾದಲ್ಲಿ. ಓದುಬರಹದ ಮನೆತನ. ಅಣ್ಣಂದಿರಲ್ಲೊಬ್ಬರಾದ ಬನಬಿಹಾರಿ ವೃತ್ತಿಯಿಂದ ವೈದ್ಯರು, ಅಭಿರುಚಿಯಿಂದ ವ್ಯಂಗ್ಯಚಿತ್ರಕಾರರು. ತಮ್ಮನ ಕಣ್ಣು ಮಾತ್ರ ಮನೆಯವರಿಗೆಲ್ಲ ಚಿಂತೆಯಾಗಿತ್ತು. ಮಾಮೂಲಿ ಶಾಲೆಯ ಓದು ಆ ಕಣ್ಣಿಗೆ ಒಗ್ಗದು. ಕೊನೆಗೆ 1917ರಲ್ಲಿ ಹುಡುಗನನ್ನು ಶಾಂತಿನಿಕೇತನದ ಶಾಲೆಗೆ ಕಳುಹಿಸಿದರು. ಮರದಡಿಯ ತರಗತಿಗಳಲ್ಲಿ ಕಲಿಯುವ ಆ ಶಾಲೆ, ಬೇರೆಡೆ ಹೊಂದಿಕೊಳ್ಳಲಾಗದ ಎಷ್ಟೋ ಮಕ್ಕಳ ಪಾಲಿಗೆ ಆಸರೆಯಾಗಿತ್ತು.

ರವೀಂದ್ರನಾಥ ಠಾಕೂರರು 1919ರಲ್ಲಿ ಕಲಾಭವನ ತೆರೆದರು. ಅಲ್ಲಿ ಗುರುವಾಗಿ ಬಂದವರು ನಂದಲಾಲ್ ಬೋಸ್. ನಮ್ಮ ಮೈಸೂರು ಅರಸರ ನೆರವಿನಿಂದ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥರ ಬಳಿ ಕಲಿತ ಕೆ. ವೆಂಕಟಪ್ಪನವರ ಸಹಪಾಠಿ ಈ ನಂದಲಾಲ್ ಎಂಬುದನ್ನು ಇಲ್ಲಿ ನೆನೆಯಬಹುದು. ಹದಿನೈದರ ಬಿನೋದ್ ಬಿಹಾರಿ ಕಲಾಭವನದ ಬಾಗಿಲು ತಟ್ಟಿದಾಗ ನಂದಲಾಲರು ಹಿಂಜರಿದರು. ಅವರದು ತಪ್ಪೆನ್ನಲಾಗದು. ಸರಿಯಾಗಿ ಕಣ್ಣೇ ಕಾಣದ ಹುಡುಗನಿಗೆ ಚಿತ್ರ ಹೇಗೆ ಕಲಿಸುವುದು? ದೂರು ಗುರುದೇವರವರೆಗೆ ಹೋಯಿತು. ಹುಡುಗ ಮನಸ್ಸಿಟ್ಟು ಕೆಲಸ ಮಾಡುತ್ತಾನೆಯೇ ಎಂಬುದಷ್ಟೇ ಅವರ ಪ್ರಶ್ನೆ. ಮಾಡುತ್ತಾನೆ ಎಂದಾದರೆ ಅವನನ್ನು ತಡೆಯಬೇಡಿ, ಅವನ ದಾರಿಯನ್ನು ಅವನೇ ಹುಡುಕಿಕೊಳ್ಳಲಿ ಎಂದರಂತೆ. ಬಿನೋದ್ ಬಿಹಾರಿ ಮುಂದೆ ತಮ್ಮ ನೆನಪುಗಳಲ್ಲಿ ಇದನ್ನು ಹೇಳಿಕೊಂಡಿದ್ದಾರೆ.

ಶಾಲೆಗೆ ಸೇರಿಸಿಕೊಳ್ಳುವ ಮುನ್ನ ಮಗುವಿಗೆ ಏನು ಬಾರದು ಎಂದು ಪಟ್ಟಿ ಮಾಡುವ ಪದ್ಧತಿ ಅಂದೂ ಇತ್ತು, ಇಂದೂ ಇದೆ. ಆ ದಿನ ಆ ಪಟ್ಟಿ ಗೆದ್ದಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಸಮೀಪದೃಷ್ಟಿಯ ಕಣ್ಣಿನ ಬಗ್ಗೆ ಒಂದು ಮಾತು. ಇಂಥ ಕಣ್ಣಿನ ಗುಡ್ಡೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡಿಬಿಡುತ್ತದೆ. ಹಾಗಾಗಿ ದೂರದ್ದೆಲ್ಲ ಮಸಕು. ನಿಮ್ನ ಮಸೂರದ ಕನ್ನಡಕ ಆ ಬಿಂಬವನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ ಕಣ್ಣಿಗೆ ತೀರ ಹತ್ತಿರ ಹಿಡಿದದ್ದು ಕನ್ನಡಕವಿಲ್ಲದೆಯೂ ಸ್ಪಷ್ಟ. ಇನ್ನು ಒಂದೇ ಕಣ್ಣಿನವರಿಗೆ ಆಳದ ಅಂದಾಜು ಕಷ್ಟ. ಅನುಮಾನವಿದ್ದವರು ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಬಹುದು. ಬಿನೋದ್ ಬಿಹಾರಿಗೆ ಈ ಎರಡು ತೊಡಕುಗಳೂ ಒಟ್ಟಿಗೆ ಇದ್ದವು. ಕಾಗದಕ್ಕೆ ಮುಖ ಅಂಟಿಸಿಕೊಂಡಂತೆ ಬಾಗಿ ಕೆಲಸ ಮಾಡುವುದು ಅನಿವಾರ್ಯ. ಅಡ್ಡಡ್ಡಕ್ಕೆ ಬಿಚ್ಚುತ್ತಾ ಹೋಗುವ ಉದ್ದನೆಯ ಸುರುಳಿಚಿತ್ರಗಳು ಅವರಿಗೆ ಅಷ್ಟು ಪ್ರಿಯವಾದದ್ದು ಇದರಿಂದಲೇ ಇರಬಹುದೇ? ಸುರುಳಿಯನ್ನು ಒಮ್ಮೆಗೇ ಇಡಿಯಾಗಿ ಯಾರೂ ನೋಡುವುದಿಲ್ಲ. ಎಷ್ಟು ಒಳ್ಳೆಯ ಕಣ್ಣಿದ್ದರೂ ಮೊಳ ಮೊಳವಾಗಿಯೇ ನೋಡಬೇಕು.

ಒಂಟಿ ತಾಳೆಮರ

ಶಾಂತಿನಿಕೇತನದ ಸುತ್ತಲಿನ ಬೀರ್‌ಭೂಮ್ ಜಿಲ್ಲೆಯದು ಕೆಂಪು ಜಂಬಿಟ್ಟಿಗೆಯ ನೆಲ. ಮಳೆನೀರು ಕೊರೆದ ಕೊರಕಲುಗಳನ್ನು ಅಲ್ಲಿಯವರು ಖೋಯಾಯ್ ಎನ್ನುತ್ತಾರೆ. ಬಯಲೆಂದರೆ ಬಯಲು, ಅಲ್ಲೊಂದು ಇಲ್ಲೊಂದು ತಾಳೆಮರ. ಬಿನೋದ್ ಬಿಹಾರಿ ಆ ಬಯಲಲ್ಲಿ ಒಬ್ಬರೇ ಅಲೆಯುತ್ತಿದ್ದರು. ತಮ್ಮ ಬದುಕೇನೆಂದು ತಿಳಿಯಬೇಕಾದರೆ ಖೋಯಾಯನ್ನೂ ಅದರ ನಡುವಿನ ಒಂಟಿ ತಾಳೆಮರವನ್ನೂ ನೋಡಿದರೆ ಸಾಕು ಎಂಬರ್ಥದ ಮಾತನ್ನು ಮುಂದೆ ಅವರೇ ಹೇಳಿದರು. ಪುರಾಣದ ದೇವತೆಗಳನ್ನೂ ಇತಿಹಾಸದ ವೀರರನ್ನೂ ಬರೆಯುವುದೇ ದೇಶೀಯ ಕಲೆ ಎಂದು ಬಂಗಾಳದ ಹಲವರು ನಂಬಿದ್ದ ಕಾಲದಲ್ಲಿ ಅವರು ಕಣ್ಣೆದುರಿನ ಕೊರಕಲನ್ನು, ಪೊದೆಯನ್ನು, ಹೂವನ್ನು ಬರೆದರು.

1925ರಲ್ಲಿ ಅವರು ಕಲಾಭವನದಲ್ಲೇ ಅಧ್ಯಾಪಕರಾದರು. ಸಹೋದ್ಯೋಗಿ ಶಿಲ್ಪಿ ರಾಮ್‌ಕಿಂಕರ್ ಬೈಜ್. ನಂದಲಾಲ್, ಬಿನೋದ್ ಬಿಹಾರಿ, ರಾಮ್‌ಕಿಂಕರ್, ಈ ಮೂವರೂ ಒಂದೇ ಅಂಗಳದಲ್ಲಿ ಪಾಠ ಹೇಳುತ್ತಿದ್ದ ಆ ವರ್ಷಗಳನ್ನು ನೆನೆದರೆ ಅಲ್ಲಿದ್ದ ವಿದ್ಯಾರ್ಥಿಗಳ ಬಗ್ಗೆ ಹೊಟ್ಟೆಕಿಚ್ಚಾಗುತ್ತದೆ. 1937-38ರಲ್ಲಿ ಜಪಾನಿಗೆ ಹೋಗಿ ಬಂದರು. ಕುಂಚದ ಒಂದೇ ಎಳೆತದಲ್ಲಿ ಬಿದಿರೆಲೆಯೊಂದನ್ನು ಮುಗಿಸುವ ಆ ನಾಡಿನ ಕೈಚಳಕ ಅವರಿಗೆ ಹಿಡಿಸಿತು. ಗೆರೆಯನ್ನು ತಿದ್ದುವಂತಿಲ್ಲ, ಕೈ ಮೊದಲೇ ಕಲಿತಿರಬೇಕು. ಈ ಪಾಠ ಇಪ್ಪತ್ತು ವರ್ಷಗಳ ಬಳಿಕ ಯಾವ ರೀತಿ ಒದಗಿ ಬಂದೀತೆಂದು ಅವರಿಗೆ ಆಗ ಗೊತ್ತಿರಲು ಸಾಧ್ಯವಿಲ್ಲ.

ಗೋಡೆಯ ಮೇಲೆ ಸಂತರು

ಚಾವಣಿಯ ಹಳ್ಳಿಯ ನಂತರ 1942ರಲ್ಲಿ ಚೀನಾಭವನದ ಗೋಡೆಗೆ ಆಶ್ರಮದ ದಿನಚರಿ ಬಂತು. ಆದರೆ ಅವರ ಹೆಸರನ್ನು ಉಳಿಸಿರುವ ಕೆಲಸ ಹಿಂದಿಭವನದ್ದು. ಆ ಕಟ್ಟಡದಲ್ಲಿ ಆಗ ಹಿಂದಿಯ ದೊಡ್ಡ ವಿದ್ವಾಂಸ ಹಜಾರಿ ಪ್ರಸಾದ್ ದ್ವಿವೇದಿ ಇದ್ದರು. ಅವರ ಕಬೀರನ ಮೇಲಿನ ಪುಸ್ತಕ 1942ರಲ್ಲಿ ಹೊರಬಂದಿತ್ತು. ಬಿನೋದ್ ಬಿಹಾರಿ ಆರಿಸಿಕೊಂಡ ವಸ್ತು ಮಧ್ಯಯುಗದ ಸಂತರ ಬದುಕು. 1946-47ರಲ್ಲಿ, ದೇಶ ಒಡೆಯುತ್ತಿದ್ದ ಆ ತಿಂಗಳುಗಳಲ್ಲಿ, ಮೂರು ಗೋಡೆಗಳ ಮೇಲರ್ಧದ ಉದ್ದಕ್ಕೂ ಅವರು ಕಬೀರನನ್ನು, ತುಳಸೀದಾಸನನ್ನು, ಸೂರದಾಸನನ್ನು ಬರೆದರು. ನಮ್ಮ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜಾಚಾರ್ಯರೂ ಆ ಸಾಲಿನಲ್ಲಿದ್ದಾರೆ. ಸಂತರು ಮಾತ್ರವಲ್ಲ, ನೇಕಾರರು, ನೀರು ಹೊರುವವರು, ಸಂತೆಗೆ ಹೊರಟ ಹೆಂಗಸರು, ಮಕ್ಕಳು, ಕುದುರೆಗಳು, ಊರುಗಳು. ನದಿಯೊಂದು ಹರಿದಂತೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಜನ ಹರಿಯುತ್ತಾರೆ. ಯಾರು ಸಂತ, ಯಾರು ದಾರಿಹೋಕ ಎಂದು ಸ್ವಲ್ಪ ಹುಡುಕಬೇಕಾಗುತ್ತದೆ. ಹಾಗೆ ಹುಡುಕಿಸುವುದೇ ಅವರ ಉದ್ದೇಶವಿದ್ದಂತೆ ತೋರುತ್ತದೆ.

ಈ ಚಿತ್ರದ ವಿಧಾನ ಹಸಿಗಾರೆಯದು. ಸುಣ್ಣದ ಗಾರೆಯನ್ನು ಗೋಡೆಗೆ ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಅಂಟು ಬೇಕಿಲ್ಲ. ಹೈಸ್ಕೂಲಿನ ಪ್ರಯೋಗ ನೆನಪಿರಬಹುದು: ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ನೀರಿನಲ್ಲಿರುವ ಸುಣ್ಣ ಉಸಿರಿನ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಸುಣ್ಣಕಲ್ಲಿನ ಪುಡಿಯಾಗುವ ಪರಿಣಾಮ ಅದು. ಗೋಡೆಯ ಮೇಲೂ ನಡೆಯುವುದು ಇದೇ. ಗಾರೆ ಒಣಗುತ್ತಾ ಗಾಳಿಯಿಂದ ಅದೇ ಅನಿಲವನ್ನು ಹೀರಿ ಕಲ್ಲಾಗುತ್ತದೆ, ಬಣ್ಣದ ಕಣಗಳು ಆ ಕಲ್ಲಿನೊಳಗೆ ಸೆರೆಯಾಗುತ್ತವೆ. ಚಿತ್ರ ಗೋಡೆಯ ಮೇಲೆ ಅಂಟಿಕೊಂಡಿರುವುದಿಲ್ಲ, ಗೋಡೆಯೇ ಆಗಿಬಿಡುತ್ತದೆ. ಕಷ್ಟವಿರುವುದು ಸಮಯದ್ದು. ಆ ದಿನ ಬಳಿದ ಗಾರೆಯನ್ನು ಆ ದಿನವೇ ಬರೆದು ಮುಗಿಸಬೇಕು. ತಪ್ಪಾದರೆ ಅಳಿಸುವಂತಿಲ್ಲ, ಕೆತ್ತಿ ತೆಗೆದು ಹೊಸ ಗಾರೆ ಹಾಕಬೇಕು.

ಆದ್ದರಿಂದಲೇ ಭಿತ್ತಿಚಿತ್ರಕಾರರು ಸಾಮಾನ್ಯವಾಗಿ ಗೋಡೆಯಷ್ಟೇ ದೊಡ್ಡ ಕಾಗದದ ಮೇಲೆ ಮೊದಲು ನಕ್ಷೆ ಬರೆದು, ಅದನ್ನು ಗೋಡೆಗೆ ಇಳಿಸಿ, ಆಮೇಲೆ ಬಣ್ಣ ತುಂಬುತ್ತಾರೆ. ಬಿನೋದ್ ಬಿಹಾರಿ ಹಾಗೆ ಮಾಡಲಿಲ್ಲ. ನೇರವಾಗಿ ಗೋಡೆಗೇ ಕೈಯಿಟ್ಟರು! ಮೂಗಿನ ಮುಂದಿನ ಒಂದಿಷ್ಟು ಜಾಗವಷ್ಟೇ ಸ್ಪಷ್ಟವಾಗಿ ಕಾಣುವ ಒಂದೇ ಕಣ್ಣು. ಎದುರಿಗೆ ಗಳಿಗೆ ಗಳಿಗೆಗೂ ಒಣಗುತ್ತಿರುವ ಗೋಡೆ. ಇಡೀ ಚಿತ್ರ ಇದ್ದದ್ದು ತಲೆಯೊಳಗೆ. ಸಹಾಯಕ್ಕೆ ಪತ್ನಿ ಲೀಲಾ, ದೇವಕಿನಂದನ್ ಶರ್ಮಾ, ಜಿತೇಂದ್ರ ಕುಮಾರ್, ಕೆ.ಜಿ. ಸುಬ್ರಮಣ್ಯನ್ ಇದ್ದರು. ಕೇರಳದಿಂದ ಬಂದಿದ್ದ ಈ ಸುಬ್ರಮಣ್ಯನ್ ಮುಂದೆ ತಾವೇ ದೊಡ್ಡ ಕಲಾವಿದರೂ ಬರೋಡಾದಲ್ಲಿ ಹೆಸರಾಂತ ಗುರುವೂ ಆದರು.

ಆ ಗೋಡೆಯಲ್ಲಿ ಸೂರದಾಸನಿದ್ದಾನೆ ಎಂದೆವಷ್ಟೆ. ಸೂರದಾಸ ಕುರುಡು ಕವಿಯೆಂದು ಪ್ರತೀತಿ. ಅವನನ್ನು ಬರೆದ ಹತ್ತು ವರ್ಷಗಳಿಗೆ ಬರೆದವರ ಕಣ್ಣೂ ಆರಿತು.

1957

ನಡುವಿನ ವರ್ಷಗಳು ಅಲೆದಾಟದವು. 1940ರ ದಶಕದ ಕೊನೆಯಲ್ಲಿ ಶಾಂತಿನಿಕೇತನ ಬಿಟ್ಟು ನೇಪಾಳದ ಕಠ್ಮಂಡುವಿನ ಸರ್ಕಾರಿ ವಸ್ತುಸಂಗ್ರಹಾಲಯದ ಹೊಣೆ ಹೊತ್ತರು. ಬಳಿಕ ರಾಜಸ್ಥಾನದ ಬನಸ್ಥಲಿ ವಿದ್ಯಾಪೀಠ. 1952ರಲ್ಲಿ ದಂಪತಿಗಳು ಮಸ್ಸೂರಿಯಲ್ಲಿ ಕಲಾಶಾಲೆಯೊಂದನ್ನು ತೆರೆದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಲೀಲಾ ಅವರೂ ಕಲಾಭವನದಲ್ಲಿ ಕಲಿತ ಶಿಲ್ಪಿ. ಡೆಹ್ರಾಡೂನಿನಲ್ಲಿ ಅವರು ಶಾಲಾ ಮಕ್ಕಳಿಗೆ ಕಲೆ ಹೇಳಿಕೊಟ್ಟರು.

ಇಷ್ಟರಲ್ಲಿ ಇದ್ದೊಂದು ಕಣ್ಣಿಗೂ ಪೊರೆ ಬಂತು.

ಇಂದು ಪೊರೆಯ ಶಸ್ತ್ರಚಿಕಿತ್ಸೆ ಎಂದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಕೆಲಸ. ಮಂಜಾದ ಮಸೂರವನ್ನು ಪುಟ್ಟ ರಂಧ್ರದ ಮೂಲಕ ಪುಡಿ ಮಾಡಿ ತೆಗೆದು, ಅದೇ ಜಾಗದಲ್ಲಿ ಕೃತಕ ಮಸೂರವನ್ನು ಕೂರಿಸುತ್ತಾರೆ. ಅಂದು ಹಾಗಿರಲಿಲ್ಲ. ಕಣ್ಣಿನ ಅಂಚನ್ನು ಅಗಲವಾಗಿ ಕೊಯ್ದು ಇಡೀ ಮಸೂರವನ್ನು ಹೊರತೆಗೆಯಬೇಕಿತ್ತು. ರೋಗಿ ದಿನಗಟ್ಟಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲುಗದೆ ಮಲಗಬೇಕಿತ್ತು. ಕೃತಕ ಮಸೂರವನ್ನು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಬಾರಿ ಅಳವಡಿಸಿದ್ದರೂ ಅದು ಎಲ್ಲರ ಕೈಗೆಟುಕಲು ದಶಕಗಳೇ ಹಿಡಿದವು. ತೀವ್ರ ಸಮೀಪದೃಷ್ಟಿಯವರ ಕಣ್ಣಿನಲ್ಲಿ ಅಕ್ಷಿಪಟಲ ಹಿಗ್ಗಿ ತೆಳ್ಳಗಾಗಿರುವುದರಿಂದ ಅಪಾಯ ಇನ್ನೂ ಹೆಚ್ಚು. ಬೇರೆಯವರಿಗಾದರೆ ಒಂದು ಕಣ್ಣು ಕೆಟ್ಟರೆ ಇನ್ನೊಂದು ಇರುತ್ತದೆ. ಬಿನೋದ್ ಬಿಹಾರಿಗೆ ಇದ್ದದ್ದೇ ಒಂದು. ಚಿಕಿತ್ಸೆ ಮಾಡಿಸದಿದ್ದರೆ ಮೆಲ್ಲಮೆಲ್ಲಗೆ ಮಬ್ಬು, ಮಾಡಿಸಿದರೆ ಬೆಳಕೋ ಕತ್ತಲೋ.

ಮಾಡಿಸಿಕೊಂಡರು. 1957ರಲ್ಲಿ, ದೆಹಲಿಯಲ್ಲಿ. ಕತ್ತಲಾಯಿತು. ಅವರಿಗಾಗ ಐವತ್ಮೂರು ವರ್ಷ.

ಕಾಣದ ಚಿತ್ರದ ಪಾಠ

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಪಿಂಚಣಿಯ ಲೆಕ್ಕ ಕೇಳಿಕೊಂಡು ಮೂಲೆ ಸೇರಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮರುವರ್ಷವೇ, 1958ರಲ್ಲಿ, ಅವರು ಕಲಾಭವನಕ್ಕೆ ಹಿಂದಿರುಗಿದರು. ಪಾಠ ಹೇಳಲು! ವಿಷಯ ಕಲೆಯ ಇತಿಹಾಸ ಮತ್ತು ಸಿದ್ಧಾಂತ. ಮುಂದೆ ಅಲ್ಲಿಯ ಪ್ರಾಂಶುಪಾಲರೂ ಆದರು. ನಿವೃತ್ತಿಯ ನಂತರವೂ ವಿಶ್ವವಿದ್ಯಾಲಯ ಅವರನ್ನು ಗೌರವ ಪ್ರಾಧ್ಯಾಪಕರಾಗಿ ಉಳಿಸಿಕೊಂಡಿತು.

ಕಣ್ಣಿಲ್ಲದವರು ಚಿತ್ರಕಲೆಯ ಇತಿಹಾಸ ಬೋಧಿಸುವುದೆಂದರೇನು? ಎದುರಿಗೆ ಕುಳಿತ ಹುಡುಗರಿಗೆ ಚಿತ್ರದ ಪ್ರತಿ ಕಾಣುತ್ತದೆ, ಗುರುವಿಗೆ ಕಾಣದು. ಗುರುವಿನ ಬಳಿ ಇರುವುದು ನೆನಪು ಮಾತ್ರ. ಅಜಂತಾದ ಗೋಡೆಯ ಗೆರೆ ಎಲ್ಲಿ ಬಾಗುತ್ತದೆ, ಜಪಾನಿನ ಸುರುಳಿಯಲ್ಲಿ ಮಂಜು ಎಲ್ಲಿ ಕವಿಯುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಕಟ್ಟಿಕೊಡಬೇಕು. ನೋಡಿದ್ದೆಲ್ಲವನ್ನೂ ಮೂಗಿಗೆ ತಾಗುವಷ್ಟು ಹತ್ತಿರದಿಂದ, ಅಂಗುಲ ಅಂಗುಲವಾಗಿ ನೋಡಿದ್ದವರ ನೆನಪು ಅದು. ಪುಸ್ತಕ ತೆರೆದಿಟ್ಟು ಪುಟ ತಿರುಗಿಸುವ ನಮ್ಮಂಥ ಕಣ್ಣಿದ್ದವರಿಗೆ ಅಷ್ಟು ವಿವರ ನೆನಪಿನಲ್ಲಿ ಉಳಿಯುವುದು ಅನುಮಾನ.

ಕೈ ಕೂಡ ಸುಮ್ಮನಿರಲಿಲ್ಲ. ಕಣ್ಣು ಮುಚ್ಚಿ ನಿಮ್ಮ ಸಹಿ ಹಾಕಿ ನೋಡಿ. ಹೆಚ್ಚೂಕಡಿಮೆ ಸರಿಯಾಗಿಯೇ ಬರುತ್ತದೆ. ಕೈಗೆ ಅದರದೇ ಆದ ನೆನಪಿದೆ. ಜಪಾನೀ ಕುಂಚದಲ್ಲಿ ಪಳಗಿದ್ದ ಬಿನೋದ್ ಬಿಹಾರಿಯ ಕೈ ಸ್ಕೆಚ್ ಪೆನ್ನು ಹಿಡಿದು ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆಯಿತು. ಆದರೆ ಎರಡನೆಯ ಗೆರೆ ಎಳೆಯುವಾಗ ಮೊದಲನೆಯದು ಎಲ್ಲಿದೆ ಎಂಬುದೇ ತೊಡಕು. ಅದಕ್ಕೆ ಅವರು ಕಂಡುಕೊಂಡ ಉಪಾಯಗಳು ಹಲವು. ಕಾಗದ ಮಡಿಸಿದರು, ಮಡಿಕೆಯ ಅಂಚು ಬೆರಳಿಗೆ ಸಿಗುತ್ತದೆ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು. ಯಾವುದು ಯಾವ ಬಣ್ಣವೆಂದು ಪಕ್ಕದಲ್ಲಿದ್ದವರು ಹೇಳಬೇಕು, ಯಾವ ಬಣ್ಣದ ಪಕ್ಕ ಯಾವುದಿರಬೇಕೆಂಬ ನಿರ್ಧಾರ ಮಾತ್ರ ಅವರದೇ. ಮೇಣದಲ್ಲಿ, ಮಣ್ಣಿನಲ್ಲಿ ಪುಟ್ಟ ಆಕೃತಿಗಳನ್ನು ಮಾಡಿದರು. ಆ ಕತ್ತರಿಸಿದ ಕಾಗದದ ಚಿತ್ರಗಳನ್ನು ನೋಡಿದವರಿಗೆ ಅವುಗಳ ಬಣ್ಣದ ಉಜ್ವಲತೆ ಅಚ್ಚರಿ ತರುತ್ತದೆ. ಕಣ್ಣಿದ್ದಾಗ ಬಹುಪಾಲು ಕಂದು, ಹಸಿರು, ಕಾವಿಯಲ್ಲಿಯೇ ಇದ್ದವರು ಕಣ್ಣು ಹೋದ ಮೇಲೆ ಕಡುಗೆಂಪು, ಕಡುನೀಲಿಗೆ ಕೈ ಹಾಕಿದರು.

1972ರಲ್ಲಿ ಅವರಿಗೆ ಮತ್ತೊಂದು ಗೋಡೆ ಸಿಕ್ಕಿತು, ಕಲಾಭವನದ ಹೊರಗೋಡೆ. ಈ ಸಲ ಹಸಿಗಾರೆಯಲ್ಲ, ಸುಟ್ಟ ಮಣ್ಣಿನ ಬಿಲ್ಲೆಗಳು. ಅವರು ಕಾಗದ ಮಡಿಸಿ ಕತ್ತರಿಸಿ ಆಕೃತಿ ಮಾಡಿಕೊಡುತ್ತಿದ್ದರು. ವಿದ್ಯಾರ್ಥಿಗಳು ಅದರಂತೆ ಬಿಲ್ಲೆಗಳನ್ನು ಸಿದ್ಧಪಡಿಸಿ ಗೋಡೆಗೆ ಕೂರಿಸುತ್ತಿದ್ದರು. ಅವರು ಮತ್ತೆ ಬೆರಳಾಡಿಸಿ ನೋಡುತ್ತಿದ್ದರು. ಕಣ್ಣಿದ್ದ ಕಾಲದಲ್ಲಿ ಬರೆದ ಗೋಡೆಯನ್ನು ಮುಟ್ಟಿದರೆ ಬೆರಳಿಗೆ ಬರಿಯ ನುಣುಪು. ಈ ಗೋಡೆ ಮಾತ್ರ ಬರೆದವರಿಗೂ ನಿಲುಕುವಂಥದ್ದು.

ಸತ್ಯಜಿತ್ ರಾಯ್ ಕ್ಯಾಮೆರಾ ತಂದದ್ದು ಆಗ. ಫಿಲ್ಮ್ಸ್ ಡಿವಿಷನ್ನಿಗಾಗಿ ತೆಗೆದ ಇಪ್ಪತ್ತೇ ನಿಮಿಷದ ಆ ಸಾಕ್ಷ್ಯಚಿತ್ರದ ಹೆಸರು ‘ದಿ ಇನ್ನರ್ ಐ’. ವಿವರಣೆಯ ಧ್ವನಿ ರಾಯ್ ಅವರದೇ. ಗುರುವಿನ ಬಗ್ಗೆ ಮರುಕಪಡುವ ಒಂದು ವಾಕ್ಯವೂ ಅದರಲ್ಲಿಲ್ಲ. ಮುದುಕರೊಬ್ಬರು ಕುಳಿತು ಕಾಗದ ಮಡಿಸುತ್ತಾರೆ, ಗೆರೆ ಎಳೆಯುತ್ತಾರೆ. ನಡುನಡುವೆ ಹಳೆಯ ಚಿತ್ರಗಳು ಬಂದು ಹೋಗುತ್ತವೆ. ಕುರುಡುತನವನ್ನು ಹೊಸದೊಂದು ಅನುಭವ, ಇರುವಿಕೆಯ ಇನ್ನೊಂದು ಸ್ಥಿತಿ ಎಂದು ಬಿನೋದ್ ಬಿಹಾರಿ ಕರೆದದ್ದನ್ನು ರಾಯ್ ಚಿತ್ರದ ಕೊನೆಗೆ ಇಟ್ಟರು. ಹಿನ್ನೆಲೆಯಲ್ಲಿ ನಿಖಿಲ್ ಬ್ಯಾನರ್ಜಿಯವರ ಸಿತಾರಿನ ಆಸಾವರಿ. ಬೆಳಗಿನ ಹೊತ್ತಿನ ರಾಗ ಅದು.

1974ರಲ್ಲಿ ಪದ್ಮವಿಭೂಷಣ, 1977ರಲ್ಲಿ ವಿಶ್ವಭಾರತಿಯ ದೇಶಿಕೋತ್ತಮ. ಹೇಳಿ ಬರೆಸಿದ ನೆನಪುಗಳು ‘ಚಿತ್ರಕರ್’ ಎಂಬ ಹೆಸರಿನಲ್ಲಿ ಬಂಗಾಳಿಯಲ್ಲಿ ಪುಸ್ತಕವಾದವು. ಅದನ್ನು ಇಂಗ್ಲಿಷಿಗೆ ತಂದವರು ಹಿಂದಿಭವನದ ಗೋಡೆಯ ಕೆಲಸದಲ್ಲಿ ನೆರವಾಗಿದ್ದ ಅದೇ ಸುಬ್ರಮಣ್ಯನ್. 1980ರ ನವೆಂಬರ್ 11ರಂದು ಬಿನೋದ್ ಬಿಹಾರಿ ತೀರಿಕೊಂಡರು. ಚಾವಣಿಯ ಹಳ್ಳಿಯೂ ಗೋಡೆಯ ಸಂತರೂ ಇರುವ ಶಾಂತಿನಿಕೇತನವನ್ನು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ದಂಪತಿಗಳಿಗೆ ಒಬ್ಬಳೇ ಮಗಳು, ಮೃಣಾಲಿನಿ. ಹುಟ್ಟಿದ್ದು 1949ರಲ್ಲಿ, ಬರೋಡಾದಲ್ಲಿ ಸುಬ್ರಮಣ್ಯನ್ ಅವರ ಬಳಿ ಕಲಿತರು. ಶಿಲ್ಪಕ್ಕೆ ಕಲ್ಲನ್ನೋ ಕಂಚನ್ನೋ ಹಿಡಿಯುವುದನ್ನು ಬಿಟ್ಟು ಅವರು ಮೊದಲು ಆಯ್ದುಕೊಂಡದ್ದು ನಾರಿನ ಹಗ್ಗ. ಅದನ್ನು ಗಂಟು ಗಂಟಾಗಿ ಬೆರಳಿನಿಂದಲೇ ಹೆಣೆದು ಆಳೆತ್ತರದ, ಅದಕ್ಕೂ ಮಿಗಿಲಾದ ಆಕೃತಿಗಳನ್ನು ಎಬ್ಬಿಸಿದರು. 2015ರಲ್ಲಿ ಅವರು ತೀರಿಕೊಂಡ ನಂತರ, 2019ರಲ್ಲಿ ನ್ಯೂಯಾರ್ಕಿನಲ್ಲಿ ಆ ಶಿಲ್ಪಗಳ ದೊಡ್ಡ ಪ್ರದರ್ಶನ ನಡೆಯಿತು. ಹಗ್ಗ ಕೈಗೆತ್ತಿಕೊಳ್ಳುವ ಮುನ್ನ ಕಾಗದದ ಮೇಲೆ ನಕ್ಷೆ ಬರೆದುಕೊಳ್ಳುವ ಅಭ್ಯಾಸ ಆಕೆಗೂ ಇರಲಿಲ್ಲ.